ಇಲ್ಲದ ಜರಡಿಗೊಂದು ಬಹಿರಂಗ ಪತ್ರ

ಪ್ಯಾರಿಸಿನ ಎಲಿಸೀ ಅರಮನೆಯ ಮಾನ್ಯ ಜರಡಿಯವರಿಗೆ,

ನೀವು ಇಲ್ಲವೇ ಇಲ್ಲ ಎಂದು ಅಧ್ಯಕ್ಷ ಮ್ಯಾಕ್ರನ್ 2019ರ ಏಪ್ರಿಲ್‌ನಲ್ಲಿ ಊರಿಗೆಲ್ಲ ಸಾರಿದ್ದರು. ಹವಾಮಾನದ ಬಗ್ಗೆ ನಾಗರಿಕರ ಸಮಾವೇಶವೊಂದು ಏನು ಹೇಳುತ್ತದೋ ಅದು ಜರಡಿ ಹಿಡಿಯದೆ ನೇರ ಸಂಸತ್ತಿಗೋ ಜನಮತಗಣನೆಗೋ ಸರ್ಕಾರಿ ಆದೇಶಕ್ಕೋ ಹೋಗುತ್ತದೆ ಎಂಬುದು ಅವರ ಮಾತು. ಇಂಧನ ತೆರಿಗೆಗೆ ಸಿಟ್ಟಾದ ಹಳದಿ ಅಂಗಿಯವರು ಬೀದಿಗಿಳಿದಿದ್ದ ಕಾಲ. ಅಂಥ ಹೊತ್ತಿನಲ್ಲಿ ಜರಡಿಯನ್ನು ಜನರೆದುರು ಯಾರು ತರುತ್ತಾರೆ? ತುಟಿಪಿಟಕ್ಕೆನ್ನದೆ ಮೊಳೆಗೆ ನೇತಾಡಿಕೊಂಡಿದ್ದಿರಲ್ಲ, ಆ ಸಂಯಮಕ್ಕೆ ಮೊದಲ ನಮಸ್ಕಾರ.

ನಿಮ್ಮ ಗಾಬರಿಯೂ ನನಗೆ ಅರ್ಥವಾಗುತ್ತದೆ. ಲಾಟರಿಯಲ್ಲಿ ಆರಿಸಿದ 150 ಮಂದಿ. ಶಾಲೆಗೆ ಹೋಗುವವರಿಂದ ಪಿಂಚಣಿ ಎಣಿಸುವವರವರೆಗೆ. ಇವರು ಜಗಳಾಡಿ, ಉಂಡು, ಸಹಿ ಹಾಕಿ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. 1990ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಹೊಗೆಯನ್ನು ಕನಿಷ್ಠ ಶೇ. 40ರಷ್ಟು ಇಳಿಸಬೇಕು, ಅದೂ ಬಡವರ ಮೇಲೆ ಹೊರೆ ಹೇರದೆ, ಎಂಬ ಲೆಕ್ಕ ಕೊಟ್ಟರೆ ನಿಜವಾಗಿಯೂ ಲೆಕ್ಕ ಮಾಡಲು ಕೂತರು. ವಿಜ್ಞಾನಿಗಳನ್ನು ಪ್ರಶ್ನಿಸಿದರು, ಕಾನೂನು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಮುಗಳನ್ನು ಬರೆದರು. ವಾರಕ್ಕೆ 28 ಗಂಟೆ ದುಡಿದರೆ ಸಾಕು ಎಂಬ ಆಕರ್ಷಕ ಸಲಹೆಯನ್ನು ತಾವೇ ಮತ ಹಾಕಿ ಬಿಸಾಡಿದರು. ಸೋಸುವ ಕೆಲಸ ಅಲ್ಲೇ ಮುಗಿದರೆ ನಿಮ್ಮ ಉದ್ಯೋಗದ ಗತಿ?

ಪುಣ್ಯಕ್ಕೆ 2020ರ ಜೂನ್ ಬಂತು. ಅರಮನೆಯ ತೋಟದಲ್ಲಿ ಅಧ್ಯಕ್ಷರು 149 ಸಲಹೆಗಳಲ್ಲಿ 146ನ್ನು ಒಪ್ಪಿದೆ ಎಂದರು. ಉಳಿದ ಮೂರನ್ನು ತಳ್ಳಿಹಾಕಲು 'ಜೋಕರ್' ಎಲೆ: ಹೆದ್ದಾರಿಯಲ್ಲಿ ಗಂಟೆಗೆ 110 ಕಿಲೋಮೀಟರ್ ಮಿತಿ, ಲಾಭಾಂಶದ ಮೇಲೆ ಶೇ. 4 ತೆರಿಗೆ, ಸಂವಿಧಾನದ ಪೀಠಿಕೆಗೆ ತಿದ್ದುಪಡಿ. ಜನ ಆ ಮೂರರ ಬಗ್ಗೆಯೇ ಮಾತಾಡಿಕೊಂಡರು. ನಿಮ್ಮ ಕಸುಬುಗಾರಿಕೆ ಇದ್ದದ್ದು ಒಪ್ಪಿಕೊಂಡ 146ರಲ್ಲಿ.

ಕಾರು 1,400 ಕಿಲೋ ದಾಟಿದರೆ ದಂಡ ಎಂದು ಅವರು ಬರೆದದ್ದು, ನಿಮ್ಮಿಂದ ಕೆಳಗೆ ಬೀಳುವಾಗ 1,800 ಕಿಲೋ ಆಗಿತ್ತು. ರೈಲಿನಲ್ಲಿ 4 ಗಂಟೆಯೊಳಗೆ ತಲುಪುವ ಊರಿಗೆ ವಿಮಾನ ಬೇಡ ಎಂದಿದ್ದರು. ಆ 4 ಎರಡೂವರೆಯಾಯಿತು. ಕೊನೆಗೆ ನಿಷೇಧ ತಗುಲಿದ್ದು ಪ್ಯಾರಿಸಿನ ಓರ್ಲಿಯಿಂದ ಬೋರ್ಡೋ, ನಾಂತ್, ಲಿಯೋಂ ಎಂಬ ಮೂರು ಮಾರ್ಗಗಳಿಗೆ. ಏರ್ ಫ್ರಾನ್ಸ್ ಅವನ್ನು ಸರ್ಕಾರಿ ನೆರವಿನ ಷರತ್ತಿಗೆ ಕಟ್ಟುಬಿದ್ದು 2020ರಲ್ಲೇ ಕೈಬಿಟ್ಟಿತ್ತು. ಹಾರದ ವಿಮಾನ ಹಾರಕೂಡದು ಎಂದು 2023ರಲ್ಲಿ ಆದೇಶ ಹೊರಡಿಸಿದ್ದನ್ನು ಓದಿ, ಜರಡಿಯವರೇ, ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

5ಜಿ ಮೊಬೈಲ್ ಜಾಲಕ್ಕೆ ತುಸು ತಡೆ ಕೇಳಿದವರಿಗೆ ಅಧ್ಯಕ್ಷರಿಂದ ಬಂದದ್ದು, ಆಧುನಿಕ ಯಂತ್ರಗಳಿಂದ ದೂರವಿರುವ ಅಮಿಶ್ ಜನರ ದೀಪದ ಕಾಲಕ್ಕೆ ಮರಳಬೇಕೇ ಎಂಬ ಲೇವಡಿ. 2020ರ ಡಿಸೆಂಬರಿನಲ್ಲಂತೂ, 150 ಮಂದಿ ಬರೆದ ಮಾತ್ರಕ್ಕೆ ಅದೇನು ಬೈಬಲ್ಲೇ, ಕುರಾನೇ ಎಂದುಬಿಟ್ಟರು ಅಧ್ಯಕ್ಷರು. ಅಲ್ಲವೇ ಅಲ್ಲ, ಸ್ವಾಮಿ. ಅದು ಬರೀ ಅವರೇ ಕೊಟ್ಟಿದ್ದ ಮಾತು. 2021ರ ಫೆಬ್ರುವರಿಯಲ್ಲಿ ಆ ನಾಗರಿಕರು ಮತ್ತೆ ಸೇರಿ, ತಮ್ಮ ಸಲಹೆಗಳನ್ನು ಸರ್ಕಾರ ನಡೆಸಿಕೊಂಡ ರೀತಿಗೆ ಹತ್ತಕ್ಕೆ 3.3 ಅಂಕ ಹಾಕಿದರು. ಆ ದಶಮಾಂಶದಲ್ಲಿ ನನಗೆ ಕಾಣುವುದು ಔದಾರ್ಯ.

ನನ್ನದೊಂದು ಅಹವಾಲು. ಮುಂದಿನ ಸಲ ಸಭೆಗೆ ಜನರನ್ನು ಚೀಟಿ ಎತ್ತಿ ಆರಿಸುವಾಗ, ಅದೇ ಡಬ್ಬದಿಂದ ಇನ್ನೊಂದು ಚೀಟಿ ಎತ್ತಿಸಿ: ಜರಡಿ ಹಿಡಿಯುವವರು ಯಾರು ಎಂಬುದಕ್ಕೆ. ತಿಂಗಳ ಸಂಬಳ, ಅರಮನೆಯಲ್ಲಿ ಊಟ, ಬೇಕಾದರೆ ಮೂರು ಜೋಕರ್ ಎಲೆಯೂ ಕೊಡೋಣ. ಕಾರು ಕಾರ್ಖಾನೆಯವರೂ ವಿಮಾನದವರೂ ಆಗ ಯಾರ ಮನೆಯ ಬಾಗಿಲು ತಟ್ಟಬೇಕೆಂದು ತಿಳಿಯದೆ ತುಸು ಅಲೆದಾಡಬೇಕಾದೀತು. ಅವರಿಗೊಂದು ಕ್ಷಮೆಯನ್ನು ನನ್ನ ಪರವಾಗಿ ತಿಳಿಸಿಬಿಡಿ.

ಇತಿ,
ನಿಮ್ಮ ಕಣ್ಣುಗಳ ಅಳತೆ ಬಲ್ಲ ಒಬ್ಬ ಅಭಿಮಾನಿ