ತಂಗಳು ಪೆಟ್ಟಿಗೆ ಮೀಮಾಂಸೆ

ಯಾವ ಶಾಸ್ತ್ರ ಬರೆಯಹೊರಟರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಈ ಪ್ರಬಂಧದ ವಿಷಯ, ಮನೆಯ ಫ್ರಿಜ್. ಪ್ರಯೋಜನ, ಹೊಟ್ಟೆ ಕೆಡದಿರುವುದು. ಸಂಬಂಧ, ಅತ್ತೆ ಸೊಸೆಯರದು. ಅದರ ವಿಚಾರ ಮುಂದೆ ಬರಲಿದೆ. ಇನ್ನು ಅಧಿಕಾರಿ, ಅಂದರೆ ಇದನ್ನು ಓದುವ ಅರ್ಹತೆ ಯಾರಿಗೆ ಎಂಬ ಪ್ರಶ್ನೆ. ರಾತ್ರಿ ಹನ್ನೊಂದಕ್ಕೆ ಏನೂ ಬೇಡದೆ ಫ್ರಿಜ್ಜಿನ ಬಾಗಿಲು ತೆಗೆದು, ಒಳಗಿನ ದೀಪದ ಬೆಳಕಿನಲ್ಲಿ ಅರೆ ನಿಮಿಷ ನಿಂತು, ಏನನ್ನೂ ತೆಗೆದುಕೊಳ್ಳದೆ ಮುಚ್ಚಿ, ಹತ್ತು ನಿಮಿಷದಲ್ಲಿ ಪರಿಸ್ಥಿತಿ ಸುಧಾರಿಸಿರಬಹುದೆಂಬ ಆಸೆಯಿಂದ ಮತ್ತೆ ತೆಗೆದು ನೋಡುವವನೇ ಮುಖ್ಯ ಅಧಿಕಾರಿ. ಉಳಿದವರು ಪಕ್ಕದಲ್ಲಿ ಕೂತು ಕೇಳಬಹುದು.

ಪ್ರಾಚೀನತೆ ಇಲ್ಲದ ಶಾಸ್ತ್ರವನ್ನು ವಿದ್ವಾಂಸರು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಇತಿಹಾಸದಿಂದಲೇ ತೊಡಗೋಣ. ಫ್ರಿಜ್ಜಿನ ಪೂರ್ವಜ ನಮ್ಮ ಹಳೆಯ ಅಡುಗೆಮನೆಯ ನೆಲುವು. ತೊಲೆಯಿಂದ ಇಳಿಬಿಟ್ಟ ಹಗ್ಗದ ಹೆಣಿಗೆಯಲ್ಲಿ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ಒಂದರ ಮೇಲೊಂದು ಕೂತು ತೂಗುತ್ತಿದ್ದವು. ಇದು ಬೆಕ್ಕು, ಇಲಿಗಳ ವಿರುದ್ಧದ ಏರ್ಪಾಡೇ ಹೊರತು ಸೂಕ್ಷ್ಮಜೀವಿಗಳ ವಿರುದ್ಧದ್ದಲ್ಲ. ಗೋಕುಲದಲ್ಲಿ ಇದೇ ಏರ್ಪಾಡು ಒಬ್ಬ ಬಾಲಕನೆದುರು ಪೂರ್ತಿ ವಿಫಲವಾದುದನ್ನು ದಾಸರು ಭಕ್ತಿಯಿಂದ ಹಾಡಿದರೇ ವಿನಾ, ಆಹಾರ ಸಂಗ್ರಹಣೆಯ ಲೋಪವೆಂದು ಯಾರೂ ದಾಖಲಿಸಲಿಲ್ಲ. ನಮ್ಮ ಸಂಶೋಧನಾ ಪರಂಪರೆಯ ದೊಡ್ಡ ಕೊರತೆಯಿದು.

ಮಂಜುಗಡ್ಡೆಯ ವ್ಯಾಪಾರ ಭಾರತಕ್ಕೆ ಬಂದದ್ದು 1833ರಲ್ಲಿ, ಹಡಗೇರಿ. ಬಾಸ್ಟನ್ನಿನ ಫ್ರೆಡ್ರಿಕ್ ಟ್ಯೂಡರ್ ಎಂಬ ವ್ಯಾಪಾರಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊಯ್ಯಿಸಿ ಕಲ್ಕತ್ತೆಗೆ ಕಳಿಸಿದ. ಹೊರಟದ್ದು ಸುಮಾರು 180 ಟನ್. ನಾಲ್ಕು ತಿಂಗಳ ಪ್ರಯಾಣ ಮುಗಿಸಿ ಇಳಿದದ್ದು ಸುಮಾರು 100 ಟನ್. ಮಿಕ್ಕಿದ್ದು ಸಮುದ್ರರಾಜನಿಗೆ ಸಂದಾಯವಾಯಿತು. 1842ರಲ್ಲಿ ಮದರಾಸಿನ ಕಡಲ ದಂಡೆಯಲ್ಲಿ ಈ ಗಡ್ಡೆಗಳ ದಾಸ್ತಾನಿಗೆಂದೇ ಐಸ್ ಹೌಸ್ ಎದ್ದಿತು. ವ್ಯಾಪಾರ ಬಿದ್ದುಹೋದ ಮೇಲೆ, 1897ರಲ್ಲಿ, ವಿವೇಕಾನಂದರು ಅಲ್ಲೇ ಇಳಿದುಕೊಂಡಿದ್ದರು. ಆ ವ್ಯಾಪಾರದ ಹಣೆಬರಹ ಮಾತ್ರ ಬಹಳ ಮೊದಲೇ ಬರೆದಾಗಿತ್ತು. ಕಲ್ಕತ್ತೆಯಲ್ಲಿ ಗಡ್ಡೆ ಇಳಿದ ಮರುವರ್ಷವೇ, 1834ರಲ್ಲಿ, ಲಂಡನ್ನಿನಲ್ಲಿ ಜೇಕಬ್ ಪರ್ಕಿನ್ಸ್ ಎಂಬಾತ ತಂಪು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ದ್ರವವೊಂದು ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ, ಆ ಆವಿಯನ್ನು ಹಿಸುಕಿ ಮತ್ತೆ ದ್ರವವಾಗಿಸಿದರೆ ಶಾಖ ಹೊರಬೀಳುತ್ತದೆ. ನಿಮ್ಮ ಫ್ರಿಜ್ಜಿನ ಬೆನ್ನಲ್ಲಿ ಗೊರಗುಟ್ಟುತ್ತಿರುವುದು ಇಂದಿಗೂ ಇದೇ ತತ್ತ್ವ. ಐನ್‌ಸ್ಟೈನ್ ಕೂಡ ಲಿಯೊ ಸಿಲಾರ್ಡ್ ಜೊತೆಗೂಡಿ, ಚಲಿಸುವ ಭಾಗಗಳೇ ಇಲ್ಲದ ಒಂದು ಫ್ರಿಜ್ಜಿಗೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಅದು ಯಾರ ಅಡುಗೆಮನೆಗೂ ಬರಲಿಲ್ಲ. ಸಾಪೇಕ್ಷತೆಯನ್ನು ಜಗತ್ತಿಗೆ ಒಪ್ಪಿಸಿದವನಿಗೂ ಗೃಹಿಣಿಯರಿಗೆ ಫ್ರಿಜ್ ಒಪ್ಪಿಸಲಾಗಲಿಲ್ಲವೆಂದರೆ ಈ ಶಾಸ್ತ್ರದ ಕಾಠಿಣ್ಯ ತಿಳಿಯಬಹುದು. ನಮ್ಮಲ್ಲಿ ಗೋದ್ರೆಜ್‌ನವರ ಸ್ವದೇಶಿ ಫ್ರಿಜ್ 1958ರಲ್ಲಿ ಬಂತು. ಇತಿಹಾಸ ಸಾಕು.

ಇನ್ನು ಸ್ಥಾಪನಾ ಪ್ರಕರಣ. ಸೂತ್ರ: ‘ಪೃಷ್ಠೇ ಚತುರಂಗುಲಮ್.’ ಅಂದರೆ, ಹಿಂಬದಿಗೆ ನಾಲ್ಕು ಬೆರಳು ಜಾಗ ಬಿಡು. (ಸೂತ್ರಗಳೆಲ್ಲ ಈ ಲೇಖಕನವೇ. ಸಂಸ್ಕೃತದಲ್ಲಿ ಹೇಳಿದರೆ ಮನೆಯವರು ಎದುರಾಡುವುದಿಲ್ಲ ಎಂಬ ನಂಬಿಕೆಯಿಂದ ಹೀಗೆ.) ಒಳಗಿನ ಶಾಖ ಹೊರಬೀಳುವುದು ಬೆನ್ನಿನಿಂದ, ಇಲ್ಲವೇ ಪಕ್ಕೆಗಳಿಂದ. ಅದನ್ನು ಗೋಡೆಗೆ ಒತ್ತಿ ಬಿಟ್ಟರೆ ಯಂತ್ರ ಇಡೀ ದಿನ ಏದುಸಿರು ಬಿಟ್ಟು ದುಡಿದು ಕರೆಂಟ್ ಬಿಲ್ಲನ್ನು ಬೆಳೆಸುತ್ತದೆ. ಫ್ರಿಜ್ ಆಗ್ನೇಯಕ್ಕಿರಬೇಕೋ ವಾಯವ್ಯಕ್ಕಿರಬೇಕೋ ಎಂದು ವಾಸ್ತುವಿನವರು ವಾದಿಸಲಿ. ಕಂಪ್ರೆಸರ್ ದಿಕ್ಕು ಕೇಳುವುದಿಲ್ಲ, ಗಾಳಿ ಕೇಳುತ್ತದೆ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಕೆಳಗೆ ಬೇಡ. ಒಂದು ಕಾಲಕ್ಕೆ ಫ್ರಿಜ್ ಇರುತ್ತಿದ್ದುದೇ ಹಾಲಿನಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ. ತಲೆಗೆ ಕ್ರೋಶಾ ಹೊದಿಕೆ, ಹಿಡಿಕೆಗೆ ಮಖಮಲ್ಲಿನ ಕುಪ್ಪಸ, ನೆತ್ತಿಯ ಮೇಲೆ ಸ್ಟೆಬಿಲೈಜರು, ಅದರ ಮೇಲೆ ಪ್ಲಾಸ್ಟಿಕ್ ಗುಲಾಬಿ. ನೀರು ಕೇಳಿದ ಅತಿಥಿಗೆ ‘ಫ್ರಿಜ್ಜಿಂದೇ ಕೊಡ್ಲಾ?’ ಎಂಬ ಪ್ರಶ್ನೆಯಲ್ಲಿ ಆ ಮನೆಯ ಆದಾಯ ಪ್ರಮಾಣಪತ್ರ ಅಡಗಿರುತ್ತಿತ್ತು.

ಹೊಸ ಫ್ರಿಜ್ ಗೂಡ್ಸ್ ಆಟೋದಲ್ಲಿ ಮಲಗಿ ಬಂದಿದ್ದರೆ ನೆಟ್ಟಗೆ ನಿಲ್ಲಿಸಿ ಕೆಲವು ತಾಸು ಹಾಗೇ ಬಿಡಬೇಕು. ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ, ಅದು ಮರಳಿ ಇಳಿಯಬೇಕು. ಈ ತಾಸುಗಳಲ್ಲಿ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುವ ಪದ್ಧತಿ ನಮ್ಮಲ್ಲಿದೆ. ಹಿರಿಯರು ಎಣ್ಣೆ ಇಳಿಯಲು ಕಾಲಾವಕಾಶ ಕೊಡಲೆಂದೇ ಪೂಜೆಯನ್ನು ವಿಧಿಸಿದ್ದಾರೆಂದು ಯಾರಾದರೂ ವಾಟ್ಸಾಪಿನಲ್ಲಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಮುಂದಿನ ಕಾಲುಗಳನ್ನು ಕೂದಲೆಳೆಯಷ್ಟು ಎತ್ತರಿಸಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ.

ಇಲ್ಲೊಂದು ಪೂರ್ವಪಕ್ಷ. ಏಪ್ರಿಲಿನ ಮಧ್ಯಾಹ್ನ ಬನಿಯನ್ನಿನಲ್ಲಿ ಕೂತ ಯಜಮಾನರು ‘ಫ್ರಿಜ್ ಬಾಗಿಲು ತೆಗೆದಿಟ್ಟರೆ ಕೋಣೆ ತಣ್ಣಗಾಗುವುದಲ್ಲ’ ಎನ್ನುತ್ತಾರೆ. ಆಗದು. ಒಳಗಿಂದ ತೆಗೆದ ಶಾಖವೆಲ್ಲ ಬೆನ್ನಿನಿಂದ ಅದೇ ಕೋಣೆಗೆ ಬರುತ್ತದೆ, ಜೊತೆಗೆ ಯಂತ್ರ ಕುಡಿದ ವಿದ್ಯುತ್ತಿನ ಶಾಖವೂ ಸೇರುತ್ತದೆ. ಕೋಣೆ ಇನ್ನಷ್ಟು ಕಾಯುತ್ತದೆ. ಉಷ್ಣಗತಿಶಾಸ್ತ್ರದ ನಿಯಮಗಳಿಗೆ ಬನಿಯನ್ನಿನ ರಿಯಾಯಿತಿ ಇಲ್ಲ.

ಒಳಗೆ ಒಂದರಿಂದ ಏಳರವರೆಗೆ ಅಂಕಿ ಬರೆದ ಗುಂಡಿಯೊಂದಿರುತ್ತದೆ. ಮೆಕ್ಯಾನಿಕ್ ತಿರುಗಿಸಿಟ್ಟಲ್ಲೇ ಅದು ಎಷ್ಟೋ ಮನೆಗಳಲ್ಲಿ ಇಂದಿಗೂ ನಿಂತಿದೆ. ಆ ಅಂಕಿಗಳು ಡಿಗ್ರಿಗಳಲ್ಲ, ತಂಪಿನ ಬಿರುಸು. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ಥಂಡಿ. ನಮಗೆ ಬೇಕಾದ್ದು ಒಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಐದರಿಂದ ಅರವತ್ತು ಡಿಗ್ರಿಯ ನಡುವಿನ ಪ್ರದೇಶ ಬ್ಯಾಕ್ಟೀರಿಯಾಗಳ ಸಾಮ್ರಾಜ್ಯ. ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ನಿಲ್ಲಿಸಿ, ಬೆಳಿಗ್ಗೆ ನೋಡಿದರೆ ನಿಜ ತಿಳಿಯುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು ಅಷ್ಟು ಕೆಳಗಿಳಿಯದು.

ಭೇದಾಭೇದ ಪ್ರಕರಣ ಈ ಶಾಸ್ತ್ರದ ಹೃದಯ. ಪ್ರಶ್ನೆ ಇಷ್ಟೆ: ಪಾತ್ರೆಯ ತಳದಲ್ಲಿ ನಿನ್ನೆಯ ಹುಳಿ ಎರಡು ಸೌಟು ಉಳಿದಿದೆ. ಇವತ್ತು ಹೊಸ ಹುಳಿ ಆಗಿದೆ. ಎರಡೂ ಒಂದೋ, ಬೇರೆಯೋ? ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಇರುವ ನಾಡಿನಲ್ಲಿ ಇದಕ್ಕೆ ಒಂದೇ ಉತ್ತರ ನಿರೀಕ್ಷಿಸುವುದು ಅವಿವೇಕ. ಅದ್ವೈತಿಯಾದ ಅತ್ತೆಯ ಪ್ರಕಾರ ಹುಳಿ ಒಂದೇ. ನಿನ್ನೆ, ಇಂದು ಎಂಬುದು ಪಾತ್ರೆಯೆಂಬ ಉಪಾಧಿಯಿಂದ ತೋರುವ ಭ್ರಮೆ, ಇಂಗಿನ ಒಗ್ಗರಣೆ ಬಿದ್ದೊಡನೆ ಭ್ರಮೆ ಕಳೆಯುತ್ತದೆ. ವಿಶಿಷ್ಟಾದ್ವೈತಿಯಾದ ಮಾವ, ಒಂದೇ ಹೌದು, ಆದರೆ ಇಂದು ಸೇರಿದ ನುಗ್ಗೆಕಾಯಿಯಿಂದ ವಿಶಿಷ್ಟವಾದದ್ದು ಎಂದು ರಾಜಿ ಮಾಡಿಸುತ್ತಾರೆ. ದ್ವೈತಿಯಾದ ಸೊಸೆ ಮಾತ್ರ ಜಗ್ಗುವುದಿಲ್ಲ. ಹಳೆಯ ಹುಳಿಗೂ ಹೊಸ ಹುಳಿಗೂ ಇರುವುದು ನಿತ್ಯಭೇದ, ಮತ್ತು ಅದರಲ್ಲಿ ತಾರತಮ್ಯವೂ ಉಂಟು: ಹೊಸದು ಮಕ್ಕಳಿಗೆ, ಹಳೆಯದು ಗಂಡನಿಗೆ.

ಸೂಕ್ಷ್ಮಜೀವಿಶಾಸ್ತ್ರ ಇಲ್ಲಿ ನಿಸ್ಸಂಶಯವಾಗಿ ಸೊಸೆಯ ಪಕ್ಷ. ಹಳತನ್ನು ಹೊಸತಕ್ಕೆ ಬೆರೆಸಿದರೆ ಹಳತು ಹೊಸದಾಗುವುದಿಲ್ಲ, ಇಡೀ ಪಾತ್ರೆಯೇ ಹಳತಾಗುತ್ತದೆ. ‘ಕುದಿಸಿದರೆ ಎಲ್ಲ ಸರಿಹೋಗುತ್ತೆ’ ಎಂಬ ವಾದವೂ ಅನ್ನದ ಮುಂದೆ ನಿಲ್ಲದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಕೂತರೆ ಅವು ಮೊಳೆತು ಬೆಳೆದು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿಯೆಲ್ಲ ಕಟ್ಟೆಯ ಮೇಲಿದ್ದ ಅನ್ನಕ್ಕೆ ಬೆಳಿಗ್ಗೆ ನಿಂಬೆಹಣ್ಣು ಹಿಂಡಿ ಚಿತ್ರಾನ್ನವೆಂದು ನಾಮಕರಣ ಮಾಡುವವರು ಇದನ್ನು ಎರಡು ಸಲ ಓದಬೇಕು. ಅಡುಗೆ ಆದ ಎರಡು ತಾಸಿನೊಳಗೆ ಉಳಿದದ್ದು ಒಳಗೆ ಹೋಗಬೇಕು. ‘ಬಿಸಿ ಇಟ್ಟರೆ ಫ್ರಿಜ್ ಕೆಡುತ್ತೆ’ ಎಂಬುದು ಅರೆಸತ್ಯ. ಕೊತಕೊತನೆ ಕುದಿಯುವ ದೊಡ್ಡ ಕೊಳಗವನ್ನೇ ಇಟ್ಟರೆ ಅಕ್ಕಪಕ್ಕದ ಮೊಸರು ಬೆವರುವುದು ನಿಜ. ಅಗಲ ಬಾಯಿಯ ಸಣ್ಣ ಡಬ್ಬಿಗಳಿಗೆ ಹಂಚಿ, ಹಬೆ ನಿಂತ ಮೇಲೆ ಇಟ್ಟರೆ ಯಾರಿಗೂ ತೊಂದರೆಯಿಲ್ಲ.

ಈಗ ಸಿದ್ಧಾಂತ. ಫ್ರಿಜ್ ಕಾಲವನ್ನು ನಿಲ್ಲಿಸುವುದಿಲ್ಲ, ಅದರ ನಡಿಗೆಯನ್ನು ನಿಧಾನಿಸುತ್ತದೆ ಅಷ್ಟೆ. ನಮ್ಮ ಮನೆಗಳಲ್ಲಿ ಅದಕ್ಕೆ ಇನ್ನೊಂದು ಉದ್ಯೋಗವೂ ಇದೆ: ಚೆಲ್ಲಲು ಮನಸ್ಸು ಬಾರದ್ದನ್ನು, ಚೆಲ್ಲಲು ಮನಸ್ಸು ಬರುವಷ್ಟು ಕೆಡುವವರೆಗೆ ಇಟ್ಟುಕೊಳ್ಳುವುದು. ಅನ್ನ ಚೆಲ್ಲಿದರೆ ಪಾಪ. ಕೆಟ್ಟ ಅನ್ನ ಚೆಲ್ಲಿದರೆ ಪಾಪವಿಲ್ಲ. ನಡುವಿನ ಆ ಕೆಲವು ದಿನಗಳ ಪಾಪಪರಿಹಾರಕ್ಕೆ ನಾವು ಕರೆಂಟ್ ಬಿಲ್ ಕಟ್ಟುತ್ತೇವೆ.

ಇದಕ್ಕೆ ಅಪವಾದವಾಗಿ, ಬದುಕಿನ ಪ್ರತಿ ಘಟ್ಟದಲ್ಲೂ ಸಾರ್ಥಕವಾಗುವ ವಸ್ತು ಇಡ್ಲಿ ಹಿಟ್ಟೊಂದೇ. ತಂಪಿನಲ್ಲೂ ಅದರ ಹುಳಿ ಮೆಲ್ಲನೆ ಏರುತ್ತಲೇ ಇರುತ್ತದೆ. ಮೊದಲ ದಿನ ಇಡ್ಲಿಯಾಗಿ ಬ್ರಹ್ಮಚರ್ಯ, ಮರುದಿನ ದೋಸೆಯಾಗಿ ಗಾರ್ಹಸ್ಥ್ಯ, ಮೂರನೆಯ ದಿನ ಈರುಳ್ಳಿ ಹಸಿಮೆಣಸಿನಕಾಯಿ ಸೇರಿ ಪಡ್ಡಾಗಿ ವಾನಪ್ರಸ್ಥ. ನಾಲ್ಕನೆಯ ದಿನ ಸಂನ್ಯಾಸ ಕೊಡಿಸಿಬಿಡಿ. ಪಾತ್ರೆಯನ್ನು ಕಂಠಮಟ್ಟ ತುಂಬಬೇಡಿ. ಹಿಟ್ಟು ತಣಿಯುವುದರೊಳಗೆ ಉಕ್ಕಿ ಕೆಳಗಿನ ತಟ್ಟೆಯ ಹೂವಿನ ಪೊಟ್ಟಣಕ್ಕೆ ಅಭಿಷೇಕವಾಗುತ್ತದೆ.

ಸ್ಥಾನನಿರ್ಣಯಕ್ಕೆ ಸೂತ್ರ: ‘ನ ದ್ವಾರೇ ಕ್ಷೀರಮ್.’ ಬಾಗಿಲಲ್ಲಿ ಹಾಲಿಡಬೇಡ. ಕಂಪನಿಗಳು ಮೊಟ್ಟೆಗೆ ಗುಳಿ, ಬಾಟಲಿಗೆ ಕಟ್ಟೆ ಎಲ್ಲವನ್ನೂ ಬಾಗಿಲಲ್ಲೇ ಮಾಡಿಕೊಟ್ಟಿವೆ. ಆದರೆ ಮುಖ್ಯ ಅಧಿಕಾರಿ ತೆಗೆದಾಗಲೆಲ್ಲ ಹೊರಗಿನ ಬಿಸಿಗಾಳಿ ಮೊದಲು ಹೊಡೆಯುವುದು ಅಲ್ಲಿಗೇ. ಉಪ್ಪಿನಕಾಯಿ, ಸಾಸು, ಜಾಮು ಅಲ್ಲಿರಲಿ; ಹಾಲು ಒಳಗೆ ಹಿಂಬದಿಗೆ ಹೋಗಲಿ. ಹಸಿ ಮೀನು, ಮಾಂಸ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇಯಿಸಿದ ಅಡುಗೆಗಿಂತ ಕೆಳಗಿರಬೇಕು, ರಸ ಜಿನುಗಿದರೂ ಪಾಯಸದ ಮೇಲೆ ಬೀಳಬಾರದು. ಸೊಪ್ಪು ತೊಳೆದು ಒದ್ದೆ ಇಟ್ಟರೆ ಕೊಳೆತು ಲೋಳೆಯಾಗುತ್ತದೆ. ಕೊತ್ತಂಬರಿಯ ಬೇರು ಕತ್ತರಿಸಿ, ಹಳದಿಯಾದ ಎಲೆ ಕಿತ್ತು, ಒಣ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಡಬ್ಬಿಗೆ ಹಾಕಿದರೆ ವಾರ ದಾಟಿಯೂ ಹಸಿರಾಗಿರುತ್ತದೆ. ಸೇಬು, ಮಾವು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಅದರ ಸಹವಾಸಕ್ಕೆ ಸೊಪ್ಪು ಅಕಾಲದಲ್ಲಿ ಮುದಿಯಾಗುತ್ತದೆ. ಮಲ್ಲಿಗೆ ಹೂವನ್ನು ಮುಚ್ಚಳವಿಲ್ಲದೆ ಇಟ್ಟರೆ ಬೆಳಗಿನ ಕಾಫಿಯೂ ಘಮಘಮಿಸಬಹುದು, ಸಂಜೆಯ ಪೂಜೆಗೆ ಬಂಗಡೆಯ ಪರಿಮಳವೂ ಬರಬಹುದು.

ಬಹಿಷ್ಕೃತರೂ ಇದ್ದಾರೆ. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗೆ ಚಳಿಗೆ ಕಪ್ಪಾಗುತ್ತದೆ. ಟೊಮೆಟೊ ರುಚಿ ಕಳೆದುಕೊಳ್ಳುತ್ತದೆ. ಆಲೂಗಡ್ಡೆಯ ಪಿಷ್ಟ ತಂಪಿಗೆ ಸಕ್ಕರೆಯಾಗಿ, ಕರಿದಾಗ ಕಂದಿ ಕಹಿಯಾಗುತ್ತದೆ. ಬ್ರೆಡ್ಡು ಹೊರಗಿಗಿಂತ ಒಳಗೇ ಬೇಗ ಬಿರುಸಾಗುತ್ತದೆ. ಇವನ್ನೆಲ್ಲ ತುಂಬಿಕೊಂಡು ‘ಈ ಫ್ರಿಜ್ ಸಣ್ಣದಾಯ್ತು’ ಎನ್ನುವವರಿಗೆ ಅಂಗಡಿಯವನಲ್ಲದೆ ಬೇರಾರೂ ಸಮಾಧಾನ ಹೇಳಲಾರರು.

ಕೊನೆಯದು ಫ್ರೀಜರ್, ಪುರಾತತ್ತ್ವ ಇಲಾಖೆಗೆ ಸೇರಬೇಕಾದ ತಾಣ. ಮೇಲ್ಪದರದಲ್ಲಿ ಕಳೆದ ವಾರದ ಬಟಾಣಿ. ಅದರ ಕೆಳಗೆ ಹೋದ ಸಂಕ್ರಾಂತಿಯ ಹಿತಕಿದ ಅವರೆ. ಅದರ ಹಿಂದೆ ಒಂದು ಐಸ್‌ಕ್ರೀಮ್ ಡಬ್ಬಿ. ಅದರಲ್ಲಿ ಐಸ್‌ಕ್ರೀಮ್ ಇರುವುದಿಲ್ಲ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಇರುತ್ತದೆ. ಮುಚ್ಚಳ ತೆಗೆದ ಮಗುವಿಗೆ ನಾಮರೂಪಗಳ ಮಿಥ್ಯತ್ವ ಆ ಕ್ಷಣವೇ ಮನದಟ್ಟಾಗುತ್ತದೆ. ಮೂಲೆಯಲ್ಲಿ ಸಡಿಲವಾದ ಕುಕ್ಕರ್ ಗ್ಯಾಸ್ಕೆಟ್, ಬಿಗಿಯಾಗಲೆಂದು ಇಟ್ಟದ್ದು. ಮನೆಯಲ್ಲಿ ಇನ್ಸುಲಿನ್ ಇದ್ದರೆ ಅದರ ಜಾಗ ಇದಲ್ಲ, ಹೆಪ್ಪುಗಟ್ಟಿದರೆ ಔಷಧಿ ಕೆಟ್ಟಂತೆ. ಅದಕ್ಕೆ ಕೆಳಗಿನ 2ರಿಂದ 8 ಡಿಗ್ರಿಯ ತಂಪೇ ಸರಿ. ಐಸು ಗೋಡೆಗೆ ಕಟ್ಟಿಕೊಂಡಾಗ ಚಾಕುವಿನಿಂದ ಕೆತ್ತುವ ಶಿಲ್ಪಕಲೆ ಬೇಡವೇ ಬೇಡ. ಹಿಂದಿರುವ ಕೊಳವೆಗೆ ತೂತು ಬಿದ್ದರೆ ಅನಿಲವೆಲ್ಲ ಹೊರಗೆ, ಮತ್ತು ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿರುವ ಐಸೊಬ್ಯೂಟೇನ್ ಹೊತ್ತಿಕೊಳ್ಳುವ ಅನಿಲ. ಸ್ವಿಚ್ ಆರಿಸಿ, ಬಾಗಿಲು ತೆರೆದು, ಕೆಳಗೊಂದು ಹಳೆಯ ಟವೆಲ್ ಹಾಸಿ ಕಾಯಿರಿ.

ಉಳಿದ ಸೂತ್ರ ಒಂದೇ: ‘ಚತುರ್ಥಾಹಾತ್ ಪರಂ ತ್ಯಾಗಃ.’ ಬೇಯಿಸಿದ ಅಡುಗೆಗೆ ಹೆಚ್ಚೆಂದರೆ ನಾಲ್ಕು ದಿನ. ಮೂಸಿ ನೋಡಿ ತೀರ್ಮಾನಿಸುವ ನಮ್ಮ ಪ್ರಮಾಣಪದ್ಧತಿ ಇಲ್ಲಿ ಸಲ್ಲದು, ಏಕೆಂದರೆ ಕಾಯಿಲೆ ತರುವ ಬ್ಯಾಕ್ಟೀರಿಯಾ ವಾಸನೆ ಬರಿಸಲೇಬೇಕೆಂದಿಲ್ಲ. ಡಬ್ಬಿಯ ಮೇಲೊಂದು ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಪಟ್ಟಿಯಿಲ್ಲದ ಡಬ್ಬಿಗಳನ್ನು ಇವತ್ತೇ ಹೊರಗೆ ತೆಗೆಯಿರಿ, ಹಿಂದಿನ ಸಾಲಿನಿಂದ ಶುರುಮಾಡಿ.