ಭಾವನ ಎರಡು ಸುತ್ತು

ಅಗಸೂರಿನಲ್ಲಿ ಪಂಪ್‌ಸೆಟ್ ಸುಡುವುದು, ರಿವೈಂಡಿಂಗ್ ಮಾಡಿಸುವುದು ಹೊಸತೇನಲ್ಲ. ಆದರೆ ನಮ್ಮ ಭಾವ ಕೈಯಿಟ್ಟದ್ದು ಮಳೆಗಾಲದ ಥಂಡಿಗೆ ತುಕ್ಕು ಹಿಡಿದು ಗುಜರಿಗೆ ಹೊರಟಿದ್ದ ಮೈಕ್ರೋವೇವ್ ಓವನ್ನಿಗೆ! 230 ವೋಲ್ಟ್ ನುಂಗಿ 2000 ವೋಲ್ಟ್ ಉಗುಳುವ ಯಮದೂತ ಅದರ ಟ್ರಾನ್ಸ್‌ಫಾರ್ಮರ್; ಪಕ್ಕದ ಕೆಪಾಸಿಟರ್ ಅಂತೂ ಪ್ಲಗ್ ಕಿತ್ತ ಮೇಲೂ ಹಗೆ ಬಿಡುವುದಿಲ್ಲ. ಭಾವ ತೆಳುತಂತಿಯ ಸೆಕೆಂಡರಿ ಸುರುಳಿಯನ್ನು ಗರಗಸದಿಂದ ಕೊಯ್ದು, ಉಳಿಯಿಟ್ಟು ಬಡಿದು ಹೊರಹಾಕಿದರು. ಕರೆಂಟು ಒಳಬರುವ ಪ್ರೈಮರಿ ಸುರುಳಿಗೆ ಗೀರೂ ಬೀಳಬಾರದು. ಸುತ್ತೊಂದಕ್ಕೆ ಹೆಚ್ಚುಕಡಿಮೆ ಒಂದು ವೋಲ್ಟ್. ಖಾಲಿಯಾದ ಜಾಗಕ್ಕೆ ಬೆರಳುದಪ್ಪದ ವೆಲ್ಡಿಂಗ್ ಕೇಬಲ್ ಎರಡೇ ಸುತ್ತು; ವೋಲ್ಟ್ ಎರಡಾದರೂ ಆಂಪಿಯರ್ ನೂರುಗಟ್ಟಲೆ. ತಗಡಿಗೆ ತಗಡು ಬೆಸೆಯುವ ಸ್ಪಾಟ್ ವೆಲ್ಡರ್ ತಯಾರು!

ಅಕ್ಕ ಹಿಡಿ ಮುರಿದ ಅಲ್ಯೂಮಿನಿಯಂ ಪಾತ್ರೆ ತಂದಿಟ್ಟಳು.

“ಅದು ಹಿಡಿಯೂದಿಲ್ಲ, ಕಬ್ಬಿಣದ್ದು ತಾ,” ಎಂದರು ಭಾವ.

“ಹಂಗಾರೆ ಓವನ್ನೇ ಚಲೋ ಇತ್ತು, ಅನ್ನನಾದ್ರೂ ಬಿಸಿ ಆಗ್ತಿತ್ತು!”