ಚಳಿ ನೋಡಕ್ಕೆ ಬೆಂಗಳೂರು

(ತಮಿಳುನಾಡಿನ ಹೊಸೂರು ಪಕ್ಕದ ಮತ್ತಿಗಿರಿಯ ಟೀ ಅಂಗಡಿ. ಕ್ರಿಸ್‌ಮಸ್ ರಜೆಯ ಶನಿವಾರ, ಬೆಳಿಗ್ಗೆ ಆರೂವರೆ. ಮಂಜಿನಲ್ಲಿ ಎದುರಿನ ಬಸ್‌ಸ್ಟಾಪೇ ಕಾಣದು. ಮಂಕಿ ಕ್ಯಾಪಿನ ಇಬ್ಬರು ಗೆಳೆಯರು. ಬೆಂಚಿನಲ್ಲಿ ಬೀಡಿ ಹಚ್ಚಿದ ತಾತ.)

ಉತ್ಸಾಹಿ: ಹೊರಡು ಮಗಾ! ಬೆಂಗಳೂರಿನ ಚಳಿ ಅಂದ್ರೆ ಚಳಿ!

ಲೆಕ್ಕಿಗ: (ಹಲ್ಲು ಕಟಕಟ) ಇದೇನು ಹಂಗಾದ್ರೆ? ಸೆಕೆನಾ?

ಉತ್ಸಾಹಿ: ಇದು ಊರ ಚಳಿ ಕಣೋ. ಅಲ್ಲಿ ಚರ್ಚ್ ಸ್ಟ್ರೀಟಲ್ಲಿ ಜಾಕೆಟ್ ಹಾಕ್ಕೊಂಡು ಕಾಫಿ ಕುಡೀಬೇಕು.

ಲೆಕ್ಕಿಗ: ಅತ್ತಿಬೆಲೆ ಟೋಲು, ಆಮೇಲೆ ಸಿಲ್ಕ್ ಬೋರ್ಡು... ಕಾಫಿ ಅಲ್ಲ, ರಾತ್ರಿ ಊಟವೇ.

ಉತ್ಸಾಹಿ: ಬೊಮ್ಮಸಂದ್ರದಿಂದ ಹಳದಿ ಮೆಟ್ರೋ ಐತಲ್ಲ, 2025ರ ಆಗಸ್ಟಿಂದ. ಸಿಲ್ಕ್ ಬೋರ್ಡ್ ನೆತ್ತಿ ಮೇಲೇ ಹೋಗ್ತೀವಿ!

ಲೆಕ್ಕಿಗ: ಬೊಮ್ಮಸಂದ್ರದ ತನಕ ಯಾರಪ್ಪ ಹೊತ್ಕೊಂಡ್ ಹೋಗ್ತಾರೆ?

ಉತ್ಸಾಹಿ: ಬ್ರಿಗೇಡ್ ರೋಡಲ್ಲಿ ಗುಲಾಬಿ ಕೊಂಡು ಫೋಟೋ ಹಾಕ್ತೀನಿ.

ಲೆಕ್ಕಿಗ: ನಮ್ಮೂರ ಪಾಲಿಹೌಸಿಂದ ನಿನ್ನೆ ಲಾರಿ ಹತ್ತಿರೋದೇ ಅದು. ನಿನಗಿಂತ ಮುಂಚೆ ಟೂರ್ ಹೊರಟೈತೆ.

ತಾತ: 1824ರಲ್ಲಿ ಇಂಗ್ಲಿಷ್ನೋರು ಪಟಾಲಮ್ಮಿನ ಕುದುರೆಗೆ ಅಂತ ಇಲ್ಲೇ ಫಾರಂ ಮಾಡಿದ್ರು. ಕುದುರೆ ಯಾವತ್ತೂ ಚರ್ಚ್ ಸ್ಟ್ರೀಟ್ ಕೇಳಿದ್ದಿಲ್ಲ.

(ಕೆಎ ನಂಬರಿನ ಕಾರೊಂದು ನಿಲ್ಲುತ್ತದೆ. ಒಳಗೆ ಐದು ಜನ, ಐದು ಜಾಕೆಟ್.)

ಕಾರಿನವ: ಅಣ್ಣಾ, ತಳಿಗೆ ಹೆಂಗ್ ಹೋಗಬೇಕು? ಲಿಟಲ್ ಇಂಗ್ಲೆಂಡಂತೆ. ಬೆಂಗಳೂರಲ್ಲಿ ಎಲ್ಲಿ ಸ್ವಾಮಿ ಚಳಿ!

ಉತ್ಸಾಹಿ: ಸೀದಾ ಹೋಗಿ ಸಾರ್. ಚರ್ಚ್ ಸ್ಟ್ರೀಟಲ್ಲಿ ಗಾಡಿ ನಿಲ್ಲಿಸಕ್ಕೆ ಜಾಗ ಸಿಗುತ್ತಾ?

ಕಾರಿನವ: ಸಿಕ್ಕಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ?